ಒದ್ದೆಯಾಗದ ಬಟ್ಟೆ

"ಗುರುಗಳೇ, ನಾನು ಹೇಳಿಕೊಡುವ ಪಾಠಕ್ಕೆ ಒಬ್ಬ ಹುಡುಗಿ ಆರು ತಿಂಗಳು ಬಂದು ಕೂತಿದ್ದಳು. ಒಂದು ದಿನವೂ ಏನನ್ನೂ ಕೇಳಲಿಲ್ಲ. ಎಲ್ಲ ತಿಳಿಯುತ್ತಿದೆ ಎಂದುಕೊಂಡು ನಾನೂ ಸುಮ್ಮನಿದ್ದೆ. ಈಗ ಪಾಠ ಬಿಟ್ಟು ಹೋಗಿದ್ದಾಳೆ. ಒಂದಕ್ಷರವೂ ಬಂದಿರಲಿಲ್ಲವಂತೆ. ಬಾಯಿಬಿಟ್ಟು ಕೇಳದಿದ್ದರೆ ಅದು ನನ್ನ ತಪ್ಪೇ?" ಎಂದು ಶಿಷ್ಯ ಕೇಳಿದ.

ಗುರು ಒಂದು ಕತೆ ಹೇಳತೊಡಗಿದರು.

ಒಬ್ಬ ಅಗಸನಿಗೆ ಮದುವೆಯಾಗಿ ಒಂಬತ್ತು ವರ್ಷಕ್ಕೆ ಹೆಣ್ಣುಮಗು ಹುಟ್ಟಿತು. ದಿನ ತುಂಬುವ ಮೊದಲೇ ಹುಟ್ಟಿದ ಸಣ್ಣ ಮಗು. ಬೇಸಗೆ ಬೇರೆ. ಐದನೆಯ ದಿನ ಸೂಲಗಿತ್ತಿ ಪಕ್ಕದ ಊರಿಗೆ ಹೊರಡುವಾಗ ಅಗಸನನ್ನು ಕರೆದು ಹೇಳಿದಳು: "ತಮ್ಮಾ, ಈ ರಾತ್ರಿ ನೀನು ಎಚ್ಚರವಿರು. ಜಾವಕ್ಕೊಮ್ಮೆಯಾದರೂ ತಾಯಿ ಮಗು ಇಬ್ಬರನ್ನೂ ಎಬ್ಬಿಸಿ ಹಾಲು ಕುಡಿಸು. ಅಳಲಿ ಅಂತ ಕಾಯಬೇಡ."

ಅಗಸ ಕಣ್ಣು ಮುಚ್ಚಲಿಲ್ಲ. ಮೊದಲ ಜಾವಕ್ಕೆ ಮಗುವಿನ ಕೆಳಗೆ ಕೈಯಿಟ್ಟು ನೋಡಿದ. ಹಾಸಿದ ಬಟ್ಟೆ ಒಣಗಿತ್ತು. ಮಗು ಮಿಸುಕಲಿಲ್ಲ. ಹಾಯಾಗಿ ಮಲಗಿದೆ, ಯಾಕೆ ಎಬ್ಬಿಸಲಿ ಎಂದುಕೊಂಡ. ಬಾಣಂತಿಗೂ ಆಗ ತಾನೇ ಕಣ್ಣು ಹತ್ತಿತ್ತು. ಎರಡನೆಯ ಜಾವಕ್ಕೂ ಮುಟ್ಟಿ ನೋಡಿದ, ಮೂರನೆಯದಕ್ಕೂ. ಬಟ್ಟೆ ಒಣಗಿಯೇ ಇತ್ತು. ಬಟ್ಟೆ ಒಣಗಿದರೆ ಅಂದಿನ ಕೆಲಸ ಮುಗಿದಂತೆ. ಅಪ್ಪನಿಂದ ಅವನು ಕಲಿತದ್ದು ಅಷ್ಟೇ. ಬೆಳಗಿನವರೆಗೂ ಬೀಸಣಿಗೆ ಬೀಸುತ್ತ ಕುಳಿತ.

ಸೂಲಗಿತ್ತಿ ಬಂದಾಗ ನಗುತ್ತ ಎದುರು ಹೋದ. "ಅಗಸನ ಮಗಳು ಅಂದ್ರೆ ಹೀಗಿರಬೇಕು ನೋಡಜ್ಜಿ! ರಾತ್ರಿಯೆಲ್ಲ ಒಂದು ಬಟ್ಟೆ ಒದ್ದೆ ಮಾಡಲಿಲ್ಲ. ಅಪ್ಪನಿಗೆ ಒಗೆಯೋ ಕೆಲಸ ಉಳಿಸಿದಳು."

ಮುದುಕಿ ನಗಲಿಲ್ಲ. ಮಗುವಿನ ನೆತ್ತಿ ಮುಟ್ಟಿದಳು. ಅದು ಕುಳಿ ಬಿದ್ದಿತ್ತು. ತುಟಿ ಒಣಗಿತ್ತು. ಅಂಗಾಲಿಗೆ ತಟ್ಟಿದರೂ ದನಿ ಹೊರಡಲಿಲ್ಲ.

"ಒಳಗೆ ಹೋಗದೆ ಹೊರಗೆ ಎಲ್ಲಿಂದ ಬರಬೇಕೋ? ಇದನ್ನ ನಿದ್ದೆ ಅಂದ್ಕೊಂಡ್ಯಾ?"

ಬಾಣಂತಿ ಗಾಬರಿಯಿಂದ ಎದ್ದು ಕೂತಳು. "ನಿಮಗೆ ನಿದ್ದೆ ಬಂದುಬಿಡ್ತಾ?" ಎಂದು ಗಂಡನನ್ನು ಕೇಳಿದಳು.

ಹೂಂ ಎಂದಿದ್ದರೆ ಅವಳು ಕ್ಷಮಿಸುತ್ತಿದ್ದಳು. ಅದು ಅವನಿಗೂ ಗೊತ್ತಿತ್ತು. "ಇಲ್ಲ, ಎಚ್ಚರವಾಗಿಯೇ ಇದ್ದೆ," ಎಂದ. ಆಮೇಲೆ ಅವಳ ಮುಖ ನೋಡಲಾಗದೆ ಗೋಡೆಗೆ ತಿರುಗಿ ನಿಂತ.

ಮುದುಕಿ ಎದೆಹಾಲು ಹಿಂಡಿಸಿ, ಹಾಲೂಡಿಸುವ ಒಳಲೆಯಿಂದ ಮಗುವಿನ ಬಾಯಿಗೆ ಹನಿಹನಿಯಾಗಿ ಬಿಟ್ಟಳು. ಒಂದು ಹನಿ ಇಳಿದ ಮೇಲೆ ಇನ್ನೊಂದು. ಹೊತ್ತು ಇಳಿಯುವಾಗ ಬಟ್ಟೆ ಒಂದಿಷ್ಟು ಒದ್ದೆಯಾಯಿತು. ಮಗು ಸಣ್ಣಗೆ ಅತ್ತಿತು. ಮುದುಕಿ ಆ ಬಟ್ಟೆಯನ್ನು ತೆಗೆದು ಅಗಸನ ಕೈಗೆ ಕೊಟ್ಟಳು. ಊರವರ ಬಟ್ಟೆಯ ಗಂಟನ್ನೆಲ್ಲ ತಲೆಯೆತ್ತಿ ಹೊತ್ತವನು, ಆ ತುಂಡನ್ನು ಹಿಡಿದು ಹೊಳೆಗೆ ಹೋಗುವಾಗ ಯಾರು ಮಾತನಾಡಿಸಿದರೂ ತಲೆ ಎತ್ತಲಿಲ್ಲ.

ಗುರು ಕತೆ ನಿಲ್ಲಿಸಿದರು.

"ಆದರೆ ಅವನು ನಿದ್ದೆಗೆಟ್ಟು ಕಾದಿದ್ದನಲ್ಲ ಗುರುಗಳೇ," ಎಂದ ಶಿಷ್ಯ. "ಮಗು ಒಂದೇ ಒಂದು ಸಲ ಅತ್ತಿದ್ದರೂ ಎಬ್ಬಿಸುತ್ತಿದ್ದ."

"ಅಳಬೇಕಾದರೂ ಮೊದಲು ಒಂದಿಷ್ಟು ಹಾಲು ಒಳಗಿರಬೇಕಲ್ಲಪ್ಪ," ಎಂದರು ಗುರು.