ಗೀಜಗ ಕೊಟ್ಟ ಮಾತು

ಮಕ್ಕಳೇ, ಈ ಕತೆಯನ್ನು ಕೊನೆಯವರೆಗೆ ಕೇಳಿ. ಅರ್ಧ ಕೇಳಿ ಎದ್ದು ಹೋಗುವವರಿಗೆ ನಾನು ಇದನ್ನು ಹೇಳುವುದಿಲ್ಲ.

ಕಾಡಿನಂಚಿನ ಕೆರೆಯ ಮೇಲೆ ಒಂದು ಜಾಲಿಮರ ಬಾಗಿತ್ತು. ಅದರ ಕೊಂಬೆಗೆ ಗೀಜಗವೊಂದು ಗೂಡು ನೇಯ್ದು ರಾಟವಾಳ ಹಕ್ಕಿಗೆ ಕೊಟ್ಟಿತು. ಕೆಳಗೆ ನೀರಿನಲ್ಲಿ ಒಂದು ಹಾವಿತ್ತು. ಅದು ತಲೆಯೆತ್ತಿ ಆ ಗೂಡನ್ನೇ ನೋಡುತ್ತಿತ್ತು.

ಕೆಲಸ ಮುಗಿಸಿದವರು ಮಾತು ಕೊಟ್ಟು ಹೋಗಬೇಕೆಂಬುದು ಆ ಕೆರೆಯ ಕಟ್ಟಳೆ. ಗೀಜಗ ಹೇಳಿತು: "ಗಾಳಿಗಾಲ ಮುಗಿಯುವವರೆಗೆ ನನ್ನ ಗಂಟು ಸಡಿಲಾದರೆ ನಾನೇ ಬಂದು ಬಿಗಿಯುತ್ತೇನೆ. ಗೂಡು ಬಿದ್ದರೆ ಹೊಸದು ನೇಯುತ್ತೇನೆ. ಆದರೆ ಒಂದು ಎಳೆ ಜಾರಿದರೂ ಅಂದೇ..."

ಅಷ್ಟರಲ್ಲಿ ರಾಟವಾಳ ಪಕ್ಕದ ಕೊಂಬೆಗೆ ಹಾರಿ, ತನ್ನ ಗೂಡಿಗೆ ಗ್ಯಾರಂಟಿ ಸಿಕ್ಕಿತೆಂದು ಮಿಂಚುಳ್ಳಿಗೆ ಹೇಳುತ್ತಿತ್ತು.

ರಾಟವಾಳ ಆ ಗೂಡಿನಲ್ಲಿ ನಾಲ್ಕು ಮೊಟ್ಟೆ ಇಟ್ಟಿತು. ಒಂದು ಬೆಳಿಗ್ಗೆ ಮಿಂಚುಳ್ಳಿ ಬಂದು, "ಅಕ್ಕಾ, ಗಂಟಿನಿಂದ ಒಂದು ಎಳೆ ಜೋತುಬಿದ್ದಿದೆ. ಗೀಜಗಣ್ಣನಿಗೆ ಹೇಳಿ ಬರಲೇ?" ಎಂದಿತು.

ರಾಟವಾಳ ಕತ್ತೆತ್ತಿ ಆ ಎಳೆಯನ್ನು ನೋಡಿತು. ಆದರೂ, "ಗಾಳಿಗಾಲ ಮುಗಿಯಲು ಇನ್ನೂ ಹದಿನೈದು ದಿನ ಇದೆಯಲ್ಲ ತಮ್ಮ. ಮಾತು ಕೊಟ್ಟವನು ಎಲ್ಲಿ ಹೋಗುತ್ತಾನೆ?" ಎಂದಿತು.

ಮರುದಿನ ಇನ್ನೊಂದು ಎಳೆ ಜಾರಿತು. ಗೂಡು ಒಂದು ಪಕ್ಕಕ್ಕೆ ವಾಲಿತು. ಒಳಗೆ ಮೊಟ್ಟೆಗಳು ಉರುಳಿ ಒಂದಕ್ಕೊಂದು ತಾಗಿದವು. ರಾಟವಾಳ ಅವನ್ನು ರೆಕ್ಕೆಯಡಿ ಒತ್ತಿಕೊಂಡು ಕೂತಿತು.

ಕೆಳಗಿನಿಂದ ಹಾವು ಮೆಲ್ಲಗೆ ಕೇಳಿತು: "ಗ್ಯಾರಂಟಿ ಇರುವ ಗೂಡಲ್ಲವೇ ತಾಯಿ? ಹೆದರಿಕೆ ಏಕೆ?"

ಈಗ ರಾಟವಾಳಕ್ಕೆ ಗೀಜಗವನ್ನು ಕರೆಯಬೇಕೆನ್ನಿಸಿತು. ಎದ್ದರೆ ಗೂಡೇ ಕಳಚಬಹುದು. ಕೂಗಿದರೆ ಗಾಳಿಯ ಸದ್ದಿನಲ್ಲಿ ಯಾರಿಗೂ ಕೇಳದು. ಮಿಂಚುಳ್ಳಿ ತಾನಾಗಿಯೇ ಗೀಜಗವನ್ನು ಕರೆತರಲು ಹಾರಿತು. ಅದು ತಿರುಗಿ ಬರುವುದರೊಳಗೆ, ತಲೆಯ ಮೇಲೆ ಮೂರನೆಯ ಎಳೆ ಕರಕರನೆ ಬಿಚ್ಚಿಕೊಳ್ಳುವುದು ರಾಟವಾಳಕ್ಕೆ ಕೇಳಿಸಿತು.

ಅದು ಹೊರಕ್ಕೆ ಹಾರಿ ಜೀವ ಉಳಿಸಿಕೊಂಡಿತು. ಗೂಡು ನೀರಿಗೆ ಬಿತ್ತು. ಹಾವು ಆಗಲೇ ಬಾಯಿ ತೆರೆದಿತ್ತು.

ಗೀಜಗ ಬಂದು ನೋಡಿತು. ಸಡಿಲಾದದ್ದು ತನ್ನ ಗಂಟೇ ಎಂದು ಒಪ್ಪಿಕೊಂಡಿತು, ವಾದ ಮಾಡಲಿಲ್ಲ. ಹುಲ್ಲು ಸೀಳಿ ತಂದು ಹೊಸ ಗೂಡು ನೇಯ್ದು ಮುಗಿಸಿತು.

"ನನ್ನ ಮೊಟ್ಟೆಗಳು?" ಎಂದಿತು ರಾಟವಾಳ.

"ಗೂಡಿಗೆ ಮಾತು ಕೊಟ್ಟಿದ್ದೆ ತಾಯಿ. ಮೊಟ್ಟೆಗಳಿಗೆ ಕೊಡಲು ನನ್ನಿಂದ ಆಗದು. ಅದಕ್ಕೇ, ಎಳೆ ಜಾರಿದ ದಿನವೇ ಕರೆಯಿರಿ ಎಂದಿದ್ದೆ. ಅದನ್ನು ಹೇಳುವಾಗ ನೀವು ಅಲ್ಲಿರಲಿಲ್ಲ."

ರಾಟವಾಳ ಹೊಸ ಗೂಡಿನೊಳಗೆ ಹೋಗಿ ಕೂತಿತು. ಗಂಟು ಬಿಗಿಯಾಗಿತ್ತು. ಕೆಳಗೆ ಹಾವು ಮತ್ತೆ ತಲೆಯೆತ್ತಿ ನೋಡುತ್ತಿತ್ತು.

ನೀತಿ: ಕಟ್ಟಿದವನ ಭರವಸೆಯನ್ನು ಕೊನೆಯ ಮಾತಿನವರೆಗೆ ಕೇಳಿಸಿಕೊಳ್ಳಬೇಕು, ದೋಷ ಕಂಡ ದಿನವೇ ತಿಳಿಸಬೇಕು, ಭರವಸೆ ಮನೆಯನ್ನು ಮತ್ತೆ ಕಟ್ಟಿಕೊಡುತ್ತದೆ, ಮನೆಯೊಳಗಿದ್ದುದನ್ನಲ್ಲ.