ಎಮ್ಮೆ ಕಲಿತ ದೊಡ್ಡ ಪದ

ಎಮ್ಮೆಯ ಬೆನ್ನಿನ ಹುಣ್ಣನ್ನು ಕಾಗೆಯೊಂದು ಕುಕ್ಕುತ್ತಿತ್ತು. "ಥೂ, ಸಾಕು ನಿನ್ನ ಕಾಟ!" ಎಂದು ಎಮ್ಮೆ ಗದರಿತು.

ಬಂಗಲೆಯಲ್ಲಿ ಬೆಳೆದ ಗಿಳಿಯೊಂದು ಬೇಲಿಯ ಮೇಲೆ ಕೂತು ತಿದ್ದಿತು: "ಹಾಗೆಲ್ಲ ಒರಟಾಗಿ ಹೇಳಬಾರದಮ್ಮ. ಕಿರಿಕಿರಿಗೆ ಇಂಗ್ಲಿಷಿನಲ್ಲಿ 'ವೆಕ್ಸೇಷನ್' ಎಂಬ ಗಂಭೀರವಾದ ಪದವಿದೆ. ದೊಡ್ಡವರೆಲ್ಲ ಅದನ್ನೇ ಬಳಸುತ್ತಾರೆ."

ಎಮ್ಮೆ ವಿನಯದಿಂದ ಹೇಳಿತು: "ಕಾಗೆಯವರೇ, ನನಗೆ ವೆಕ್ಸೇಷನ್ ಆಗುತ್ತಿದೆ."

"ಆಹಾ, ಎಷ್ಟು ಚೆನ್ನಾಗಿ ಹೇಳಿದಿರಿ!" ಎಂದು ಕಾಗೆ ಇನ್ನೂ ಆಳಕ್ಕೆ ಕುಕ್ಕಿತು.

ಎಮ್ಮೆ ಬೇಲಿಯ ಪಕ್ಕದ ಕೆಸರುಗುಂಡಿಗೆ ಇಳಿದು ದಬಾರನೆ ಹೊರಳಿತು. ಕಾಗೆ ಅರಚುತ್ತ ಹಾರಿಹೋಯಿತು. ಗಿಳಿಯ ಹಸಿರು ಮೈಯೆಲ್ಲ ಕೆಸರಾಯಿತು.

"ಇದೆಂಥ ಅನಾಗರಿಕತೆ!" ಎಂದು ಗಿಳಿ ಕಿರುಚಿತು.

ಎಮ್ಮೆ ಕೆಸರಿನಿಂದ ಏಳದೆಯೇ ಹೇಳಿತು: "ಪದದ ಅರ್ಥವನ್ನು ನೀನು ಹೇಳಿಕೊಟ್ಟೆ. ಅದನ್ನು ಬಳಸುವುದು ಹೀಗೆ."