ಟಿಟ್ಟಿಭದ ಕೊಕ್ಕು ಮತ್ತು ಬೆಣಚುಕಲ್ಲು

ಲೋಕ ಇನ್ನೂ ಹೊಸದಾಗಿತ್ತು. ಹೊಳೆಗಳು ತಮ್ಮ ದಾರಿಯನ್ನು ಹುಡುಕುತ್ತಿದ್ದವು. ಆಗ ಟಿಟ್ಟಿಭ ಹಕ್ಕಿಯ ಕೊಕ್ಕು ಬುಡದಿಂದ ತುದಿಯವರೆಗೂ ಕೆಂಪಾಗಿತ್ತು.

ಟಿಟ್ಟಿಭ ಮರದಲ್ಲಿ ಗೂಡು ಕಟ್ಟುವುದಿಲ್ಲ. ಹೊಳೆದಂಡೆಯ ನೆಲದಲ್ಲಿ ಸಣ್ಣ ಕಲ್ಲುಗಳನ್ನು ಹಾಸಿ, ಅವುಗಳ ಮೇಲೆ ಮೊಟ್ಟೆಯಿಡುತ್ತದೆ. ಮೊದಲ ವರ್ಷ ಅದು ಬೆಳ್ಳಗಿದ್ದ ಕಲ್ಲುಪ್ಪನ್ನು ನಂಬಿ ಹಾಸಿತು. ಮಳೆ ಬಂತು. ಉಪ್ಪು ಕರಗಿತು. ನಾಲ್ಕು ಮೊಟ್ಟೆಗಳೂ ಹೊಳೆಯ ಪಾಲಾದವು.

ಅಂದಿನಿಂದ ಬಿಳಿಯ ಬಣ್ಣ ಕಂಡರೇ ಅದಕ್ಕೆ ಅನುಮಾನ.

ಮರುವರ್ಷ ಹಾಸು ಸಿದ್ಧವಾಗುವ ಮೊದಲೇ ಬರಿನೆಲದ ಮೇಲೆ ನಾಲ್ಕು ಮೊಟ್ಟೆಯಿಟ್ಟಾಯಿತು. ಸುಣ್ಣದ ಕಲ್ಲು ಉರುಳಿಕೊಂಡು ಬಂದು, "ಅಕ್ಕಾ, ನಾನಿದ್ದೇನೆ" ಎಂದಿತು.

"ನೀನು ಕಲ್ಲುಪ್ಪಿನ ತಮ್ಮನೋ?"

"ಛೇ, ಅವನಿಗೂ ನನಗೂ ಮಾತೇ ಇಲ್ಲ!"

ಟಿಟ್ಟಿಭ ನಿಂಬೆಹಣ್ಣು ಕುಕ್ಕಿ ಅದರ ಮೇಲೆ ರಸ ಬಿಟ್ಟಿತು. ಸುಣ್ಣದ ಕಲ್ಲು ಬುಸಬುಸನೆ ನೊರೆ ಕಾರಿತು. ಕೆರೆದರೆ ಗೀರೂ ಬಿತ್ತು.

"ಇಷ್ಟು ಹುಳಿಗೇ ಹೀಗಾಡುವವನು ಮಳೆಗೆ ನಿಲ್ಲುತ್ತೀಯಾ? ನಡಿ, ನಡಿ!"

ಆಮೇಲೆ ಬೆಣಚುಕಲ್ಲು ಬಂತು. ಅದೂ ಬಿಳುಪೇ, ನೀರು ಬೆರೆಸಿದ ಹಾಲಿನಂತೆ.

ಟಿಟ್ಟಿಭ ಅದನ್ನು ಇಡೀ ದಿನ ನೀರಿನಲ್ಲಿ ಮುಳುಗಿಸಿಟ್ಟಿತು. ಕರಗಲಿಲ್ಲ. "ನಾಳೆ ಕರಗಬಹುದು" ಎಂದಿತು.

ನಿಂಬೆರಸ ಬಿಟ್ಟಿತು. ನೊರೆ ಬರಲಿಲ್ಲ. "ಉಸಿರು ಬಿಗಿಹಿಡಿದಿದ್ದೀಯ" ಎಂದಿತು.

ಕೆರೆದು ನೋಡಿತು. ಗೀರು ಬೀಳಲಿಲ್ಲ. "ಮೈಗೆ ಏನೋ ಬಳಿದುಕೊಂಡಿದ್ದೀಯ" ಎಂದಿತು.

"ಅಕ್ಕಾ, ಮೋಡ ಕಟ್ಟುತ್ತಿದೆ. ಮೊಟ್ಟೆಗಳು ಬರಿನೆಲದ ಮೇಲಿವೆ. ಇನ್ನೆಷ್ಟು ಪರೀಕ್ಷೆ?"

"ಒಳಗೇನು ಬಚ್ಚಿಟ್ಟಿದ್ದೀಯೋ, ನೋಡದೆ ಬಿಡುವವಳಲ್ಲ!"

ಟಿಟ್ಟಿಭ ಇದ್ದ ಬಲವನ್ನೆಲ್ಲ ಹಾಕಿ ಕುಕ್ಕಿತು. ಚಟ್! ಕಿಡಿ ಹಾರಿತು. ಕೊಕ್ಕಿನ ತುದಿ ಸುಟ್ಟು ಕಪ್ಪಾಯಿತು. ಕಲ್ಲು ಹೇಗಿತ್ತೋ ಹಾಗೇ ಇತ್ತು.

"ಒಳಗಿದ್ದದ್ದು ಅದೇ, ಅಕ್ಕಾ," ಎಂದಿತು ಬೆಣಚುಕಲ್ಲು. "ಕೇಳಿದ್ದರೆ ಹೇಳುತ್ತಿದ್ದೆ."

ಅಷ್ಟರಲ್ಲಿ ಮೊದಲ ಹನಿ ಬಿತ್ತು. ಬೆಣಚುಕಲ್ಲು ತನ್ನ ಬಳಗವನ್ನೆಲ್ಲ ಕೂಗಿ ಕರೆಯಿತು. ಟಿಟ್ಟಿಭ ಗಡಿಬಿಡಿಯಿಂದ ಕಲ್ಲುಗಳನ್ನು ಹಾಸಿ, ಮೊಟ್ಟೆಗಳನ್ನು ಅವುಗಳ ಮೇಲಕ್ಕೆ ಹೊರಳಿಸಿ, ರೆಕ್ಕೆ ಹರಡಿ ಕುಳಿತಿತು. ಮೂರು ದಿನ ಮಳೆ ಸುರಿಯಿತು. ನೀರು ಕಲ್ಲುಗಳ ಸಂದಿಯಲ್ಲಿ ಹರಿದುಹೋಯಿತು. ಒಂದು ಕಲ್ಲೂ ಕರಗಲಿಲ್ಲ. ನಾಲ್ಕು ಮರಿಗಳು ಹೊರಬಂದವು.

ಆದರೂ ಟಿಟ್ಟಿಭ ಒಂದೊಂದೇ ಕಲ್ಲನ್ನು ಎತ್ತಿ ಅಡಿಭಾಗವನ್ನೂ ನೋಡಿತು. "ಮಳೆ ಅಷ್ಟೇನೂ ಜೋರಾಗಿರಲಿಲ್ಲ" ಎಂದಿತು.

ಮಗು, ಹೊಳೆದಂಡೆಯಲ್ಲಿ ಬಿಳಿಯ ಕಲ್ಲು ಸಿಕ್ಕರೆ ಮೊದಲು ತೊಳೆದು, ಆಮೇಲೆ ಪರೀಕ್ಷಿಸು. ಎರಡು ಬೆಣಚುಕಲ್ಲುಗಳನ್ನು ಜೋರಾಗಿ ಉಜ್ಜಿದರೆ ಇಂದಿಗೂ ಸುಟ್ಟ ವಾಸನೆ ಬರುತ್ತದೆ. ಟಿಟ್ಟಿಭದ ಕೆಂಪು ಕೊಕ್ಕಿನ ತುದಿ ಇಂದಿಗೂ ಕಪ್ಪಾಗಿದೆ, ನೀನು ಎಷ್ಟೇ ಮೆಲ್ಲಗೆ ಹತ್ತಿರ ಹೋದರೂ ಅದು ನಿನ್ನನ್ನೂ ಅನುಮಾನಿಸಿ ಕೂಗುತ್ತದೆ.